ಸೋಪಣ್ಣನ ರಕ್ತದ ಗೆರೆ

ಸೋಮವಾರ ಹನ್ನೊಂದೂವರೆಗೆ ಪರದೆಯ ಮೇಲೆ ಏಳಬಾರದ ಗೆರೆಯೊಂದು ಎದ್ದಿತು. ರಕ್ತಪರೀಕ್ಷಾಲಯದ ಹಿರಿಯ ತಂತ್ರಜ್ಞ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಗೆರೆ ಜಗ್ಗಲಿಲ್ಲ.

ಗಂಟೆಗೆ ನಾಲ್ಕು ಸಲ ಕೈ ತೊಳೆಯುವ ಅವನಿಗೆ ಅಲ್ಲಿ ಸೋಪಣ್ಣ ಎಂದೇ ಹೆಸರು. ಅವನ ಪಿಸಿಆರ್ ಯಂತ್ರ ರಕ್ತದಲ್ಲಿ ಮಲೇರಿಯಾ ರೋಗಾಣುವಿನ ಡಿಎನ್‌ಎ ಚೂರುಪಾರು ಇದ್ದರೂ ಅದನ್ನು ಲಕ್ಷಗಟ್ಟಲೆ ಪಟ್ಟು ಹೆಚ್ಚಿಸಿ ಗೆರೆ ಎಬ್ಬಿಸುತ್ತದೆ. ಸೂಕ್ಷ್ಮದರ್ಶಕಕ್ಕೆ ಕಾಣದ್ದೂ ಇದರಲ್ಲಿ ಸಿಕ್ಕಿಬೀಳುತ್ತದೆ. ಹೊರಗಿನ ರೋಗಾಣುವಿನ ಕೊಳೆ ಸೇರಿಲ್ಲವೆಂದು ಖಚಿತವಾಗಲು ರೋಗಿಗಳ ರಕ್ತದ ಜೊತೆ ಒಂದು ಟ್ಯೂಬಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ರೋಗವಿಲ್ಲದವರ ರಕ್ತ ಇಡಬೇಕು; ಈ ಎರಡರಲ್ಲೂ ಗೆರೆ ಏಳಕೂಡದು. ಒಂಬತ್ತು ವರ್ಷಗಳಿಂದ ಆ ರಕ್ತ ಸೋಪಣ್ಣನದೇ. ಪ್ರತಿ ಸೋಮವಾರ ತೋಳು ಚಾಚುವಾಗ, ಇದಕ್ಕಿಂತ ಚೊಕ್ಕ ರಕ್ತ ತಂದು ತೋರಿಸಿ ಎಂದು ಸವಾಲು ಹಾಕುತ್ತಿದ್ದ.

ಇವತ್ತು ಗೆರೆ ಎದ್ದದ್ದು ಅದೇ ಟ್ಯೂಬಿನಲ್ಲಿ. ಅಂದರೆ ಮೂವತ್ತೊಂದು ಜನರ ವರದಿ ಕಳಿಸುವಂತಿಲ್ಲ. ಅವರಲ್ಲೊಬ್ಬಳು ಜ್ವರದ ಗರ್ಭಿಣಿ. ಔಷಧಿ ಶುರುಮಾಡಬೇಕೋ ಬೇಡವೋ ಎಂದು ಡಾಕ್ಟರು ಆಗಲೇ ಎರಡು ಸಲ ಫೋನು ಮಾಡಿದ್ದರು.

ಸೋಪಣ್ಣ ಕಿರಿಯ ತಂತ್ರಜ್ಞೆಯ ಕೈಗವಸನ್ನು ದೂರಿದ, ಕಿಟಕಿಯನ್ನು ದೂರಿದ, ಕಸ ಗುಡಿಸುವವಳ ಪೊರಕೆಯನ್ನೂ ಬಿಡಲಿಲ್ಲ. ಮೇಜು ತಿಕ್ಕಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿಸಿದ. ಎರಡು ಗಂಟೆಗೆ ಗೆರೆ ಅಲ್ಲೇ ಮತ್ತೆ ಎದ್ದು ನಿಂತಿತು.

ಅಷ್ಟು ಹೊತ್ತು ಮೇಜು ತಿಕ್ಕುತ್ತಿದ್ದ ಕಿರಿಯವಳು ಈಗ ಪಕ್ಕ ಬಂದು ನಿಂತಳು. "ಅಣ್ಣಾ, ನೀರಿನ ಟ್ಯೂಬು ಎರಡು ಸಲವೂ ಶುದ್ಧ. ಕೊಳೆ ಆದರೆ ಆರಿಸಿ ಆರಿಸಿ ನಿಮ್ಮ ಟ್ಯೂಬಿಗೇ ಬೀಳುತ್ತಾ?"

"ಅಂದರೆ ನನಗೆ ಮಲೇರಿಯಾ ಅಂತೀಯಾ?"

"ನಾನೆಲ್ಲಿ ಅಂದೆ? ಯಂತ್ರ ಅಂತಿದೆ."

ಸೋಪಣ್ಣನಿಗೆ ನಾಲ್ಕು ದಿನಗಳಿಂದ ಸಂಜೆಯಾದರೆ ನಡುಕ. ಹೆಂಡತಿ ಜ್ವರ ಎಂದರೆ ಇವನು ಆಫೀಸಿನ ಎಸಿ ಎನ್ನುತ್ತಿದ್ದ. ಈಗ ಮೂಲೆಗೆ ಹೋಗಿ, ದನಿ ತಗ್ಗಿಸಿ ಅವಳಿಗೆ ಫೋನಿನಲ್ಲಿ ವಿಷಯ ಹೇಳಿದ.

"ನಾನು ಬಾಯಿ ನೋವು ಬರೋವರೆಗೂ ಹೇಳಿದೆ, ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದಳು ಅವಳು. "ಎರಡು ಸಲ ಕೇಳಬೇಕಾಯ್ತಾ ಯಂತ್ರದ ಹತ್ತಿರ?"

ಮೂರನೇ ಸಲ ಕಿರಿಯವಳ ರಕ್ತ ಇಟ್ಟರು. ಆ ಟ್ಯೂಬಿನ ಗೆರೆ ನೆಲಕ್ಕಂಟಿ ಮಲಗಿತ್ತು. ಗರ್ಭಿಣಿಯ ಗೆರೆಯೂ ಏಳಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಮೂವತ್ತೊಂದು ವರದಿಗಳು ಹೊರಟವು. ಮೂವತ್ತೆರಡನೆಯದನ್ನು ಸೋಪಣ್ಣ ತಾನೇ ಡಾಕ್ಟರಿಗೆ ಒಯ್ದು ಕೊಟ್ಟ. ನಾಳೆಯಿಂದ ಅವನಿಗೆ ಒಂದು ವಾರ ರಜೆ, ಹದಿನಾಲ್ಕು ದಿನ ಮಾತ್ರೆ.