ಜೋಳದ ಕೂದಲಿನ ಹೊಗೆ

ಡ್ರೈವರಣ್ಣನ ಕಣ್ಣುಗಳು ಆಗ ತಾನೇ ಈರುಳ್ಳಿ ಹೆಚ್ಚಿ ಎದ್ದವನ ಕಣ್ಣುಗಳಂತೆ ಸದಾ ಕೆಂಪಗೆ ನೀರಾಡುತ್ತಿದ್ದವು. ಎಡಗಣ್ಣಿನ ಮೂಲೆಯಲ್ಲಿ ಒಂದಿಷ್ಟು ಮಾಂಸ ಬೆಳೆದು ಕರಿಗುಡ್ಡೆಯ ಅಂಚಿನವರೆಗೂ ಬಂದಿತ್ತು. ಬಸ್ಸಿನ ಮುಂದಿನ ಗಾಜಿನ ಕೆಳಗೆ ಬೆರಳು ತೂರುವಷ್ಟು ಸಂದಿ ಇತ್ತು. ಅರಕಲಗೂಡು ರಸ್ತೆಯ ಧೂಳೆಲ್ಲ ಅಲ್ಲಿಂದ ನುಗ್ಗಿ ನೇರ ಅವನ ಮುಖಕ್ಕೆ ಬಡಿಯುತ್ತಿತ್ತು. "ಡಾಕ್ಟರಿಗೆ ತೋರಿಸಬಾರದೇನಯ್ಯ?" ಎಂದು ನಾನೊಮ್ಮೆ ಕೇಳಿದ್ದೆ.

"ತೋರುಸ್ದೆ ಸಾ. ಧೂಳಿಗೆ ಓಗ್ಬ್ಯಾಡ ಅಂದ್ರು. ಅಂಗಾರೆ ಬಸ್ಸನ್ನ ಗಾಳೀಲಿ ಓಡುಸ್ಲಾ ಸಾ ಅಂದೆ. ಆಚೆಗೆ ಕಳ್ಸುದ್ರು."

ಅದು ಖಾಸಗಿ ಬಸ್ಸು. ಅರಕಲಗೂಡಿನಿಂದ ಹಾಸನಕ್ಕೆ, ಹಾಸನದಿಂದ ಅರಕಲಗೂಡಿಗೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ; ಐವತ್ತು ದಾಟಿದ ಮೇಲೂ ಹಾಸನದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕಿದ್ದೆ. ಬೆಳಿಗ್ಗೆ ಅವನ ಬಸ್ಸಿನಲ್ಲೇ ಹೋಗಿ ಸಂಜೆ ಅವನ ಬಸ್ಸಿನಲ್ಲೇ ಬರುತ್ತಿದ್ದೆ. ಬಾನೆಟ್ಟಿನ ಪಕ್ಕದ ಸೀಟು ನನಗೆ ಕಾಯಂ ಆಗಿತ್ತು.

ತಲೆಯ ಮೇಲಿನ ಕನ್ನಡಿಯಲ್ಲಿ ಇಡೀ ಬಸ್ಸನ್ನು ನೋಡುತ್ತಲೇ ಅವನು ಗಾಡಿ ಓಡಿಸುತ್ತಿದ್ದ. ಹಾಸನದಲ್ಲಿ ಟೀ ಕುಡಿಯಲು ನಿಂತಾಗ ಆ ದಿನ ಕಂಡವರನ್ನೆಲ್ಲ ನಮ್ಮ ಮುಂದೆ ಆಡಿ ತೋರಿಸುತ್ತಿದ್ದ. ಪಕ್ಕದವನ ಭುಜಕ್ಕೆ ತಲೆ ಬಿದ್ದಾಗಲೆಲ್ಲ ತಾನು ನಿದ್ದೆಯನ್ನೇ ಮಾಡಿಲ್ಲವೆಂಬಂತೆ ಮೀಸೆ ತಿರುವುವವನು, ಟಿಕೆಟ್ಟಿನ ಚಿಲ್ಲರೆ ಕೈಗೆ ಬರುವವರೆಗೆ ಕಂಡಕ್ಟರನ ಬೆನ್ನನ್ನೇ ನೋಡುವ ಅಜ್ಜಿ. ನನ್ನನ್ನೂ ಬಿಡಲಿಲ್ಲ. ಹಳೇ ಪೇಪರಿನ ಪೊಟ್ಟಣ ಬಿಚ್ಚಿ ಕಡಲೆಕಾಯಿ ಬದಿಗಿಟ್ಟು ಮೊದಲು ಅದರಲ್ಲಿ ಅಕ್ಷರ ತಪ್ಪು ಹುಡುಕುವ ನನ್ನ ಚಾಳಿಯನ್ನು ಅವನು ಮಾಡಿ ತೋರಿಸಿದಾಗ ನಾನೇ ನಕ್ಕುಬಿಟ್ಟೆ. ಅವನ ಅಣಕದಲ್ಲಿ ಯಾರಿಗೂ ನೋವಾಗುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹಾಸನದ ಕೇಬಲ್‌ನವರು ತಮ್ಮದೇ ಒಂದು ಚಾನೆಲ್ ನಡೆಸುತ್ತಿದ್ದರು. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲೂ ಅದು ಕಾಣುತ್ತಿತ್ತು. ಅದರಲ್ಲಿ ನಾಟಕದ ಹುಚ್ಚಿನ ನಾಲ್ಕು ಜನ ಸೇರಿ ವಾರಕ್ಕೊಂದು ಕಂತಿನ ಹಾಸ್ಯ ಧಾರಾವಾಹಿ ಶುರುಮಾಡಿದರು. ಕೆರೆ ಹಿಂದಿನ ಮಂಟಪದಲ್ಲಿ ಭಂಗಿಸೊಪ್ಪು ಸೇದುತ್ತ ಕೂರುವ ಸೋಮಾರಿಗಳ ಕಥೆ. ಅವರಿಗೊಬ್ಬ ಗುರು. ಅವನು ಚಿಲುಮೆ ಎಳೆದು ಹೊಗೆ ಬಿಟ್ಟು, ದೇಶದ ಬಜೆಟ್ಟಿನಿಂದ ಪಕ್ಕದ ಮನೆ ಹಸುವಿನ ಕೆಚ್ಚಲಿನವರೆಗೆ ಎಲ್ಲದಕ್ಕೂ ಪರಿಹಾರ ಹೇಳುತ್ತಿದ್ದ. ಪ್ರತಿ ಕಂತಿನ ಕೊನೆಗೂ ಅವನ ಹೆಂಡತಿ ಬಂದು, "ಮುದ್ದೆ ಆರೋಯ್ತದೆ, ಏಳು ಮ್ಯಾಕೆ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಆ ಗುರುವಿನ ಪಾತ್ರಕ್ಕೆ ಡ್ರೈವರಣ್ಣನನ್ನು ಕರೆದರು. ಕಣ್ಣು ನೋಡಿಯೇ ಕರೆದರು.

ಅವನಿಗೆ ಬೀಡಿಯ ಅಭ್ಯಾಸವೂ ಇರಲಿಲ್ಲ. ಚಿಲುಮೆಗೆ ತುಂಬಲು ಮುಸುಕಿನ ಜೋಳದ ಕೂದಲು ಕಿತ್ತು ತಂದು ಬಾನೆಟ್ಟಿನ ಕಾವಿನಲ್ಲಿ ಒಣಗಿಸುತ್ತಿದ್ದ. ಬಸ್ಸೆಲ್ಲ ಸುಟ್ಟ ತೆನೆಯ ವಾಸನೆ. ಶೆಟ್ಟಿಹಳ್ಳಿಯಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದಿದ್ದ ಬೇಸಿಗೆಯಲ್ಲಿ, ಮುಳುಗಿ ಪಾಳುಬಿದ್ದ ಇಗರ್ಜಿಯ ಗೋಡೆಯ ನೆರಳಿನಲ್ಲಿ ಒಂದು ಕಂತು ತೆಗೆದರು. ನಾನೂ ಹೋಗಿದ್ದೆ. ಅವನು ಒಂದು ದಮ್ಮು ಎಳೆದು ಕೆಮ್ಮಿದ್ದೇ ಕೆಮ್ಮಿದ್ದು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯುತ್ತಿದ್ದರೂ ಗುರುವಿನ ಗತ್ತು ಬಿಡದೆ, "ಇದು ಕೆಮ್ಮಲ್ಲ ಕಣ್ರಲಾ, ಒಳಗಿರೋ ಜ್ಞಾನ ಆಚಿಗ್ ಬತ್ತಾ ಅದೆ" ಎಂದ. ಬರೆದುಕೊಟ್ಟ ಮಾತಲ್ಲ ಅದು, ಅಲ್ಲೇ ಹುಟ್ಟಿದ್ದು. ಆ ಕಂತು ಬಂದ ಮೇಲೆ ಹಾಸನದ ಕ್ಷೌರದ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ ಯಾರು ಕೆಮ್ಮಿದರೂ ಪಕ್ಕದವರು, "ಜ್ಞಾನ, ಜ್ಞಾನ" ಎಂದು ನಗುವಂತಾಯಿತು.

ಅವತ್ತು ಇಗರ್ಜಿಯ ಗೋಡೆಗೆ ಒರಗಿ ನನ್ನ ಹತ್ತಿರ ಹೇಳಿದ್ದ: "ಇದ್ರಲ್ಲಿ ಅಮಲಿಲ್ಲ, ಮಣ್ಣಿಲ್ಲ ಸಾ. ವಾಂತಿ ಬತ್ತದೆ ಅಷ್ಟೇಯ. ನಿಜ್ವಾದ್ದು ಎಂಗಿರ್ತದೋ ಆ ಶಿವನಿಗೇ ಗೊತ್ತು."

"ಮತ್ತೆ ಆ ತೂಗಾಟ, ಆ ಮಾತು?"

"ಲಾಸ್ಟ್ ಸೀಟಲ್ಲಿ ಕೂತ್ಕೊಂಡು ಬತ್ತಾರಲ್ಲ ಸಾ, ಅವುರ್‌ನ ಕನ್ನಡೀಲಿ ನೋಡಿದ್ದು."

ಇಷ್ಟು ನನಗೆ ಗೊತ್ತಿತ್ತು. ಅದು ಗೊತ್ತಿದ್ದೂ ನಾನು ಬೇರೆಯದನ್ನು ಬರೆದೆ.

ಧಾರಾವಾಹಿಯನ್ನು ಜನ ನೋಡಿ ನಗುತ್ತಿದ್ದರೂ ಪತ್ರಿಕೆಗಳಲ್ಲಿ ಅದಕ್ಕೆ ಮರ್ಯಾದೆ ಇರಲಿಲ್ಲ. ಊರಿನ ಇನ್ನೊಂದು ವಾರಪತ್ರಿಕೆ, "ಮಕ್ಕಳಿಗೆ ಚಿಲುಮೆ ಹಿಡಿಯಲು ಕಲಿಸುವ ಕಾರ್ಯಕ್ರಮ" ಎಂದು ಬರೆಯಿತು. ನಿವೃತ್ತ ಹೆಡ್‌ಮಾಸ್ಟರೊಬ್ಬರು ಇದನ್ನು ನಿಲ್ಲಿಸಬೇಕೆಂದು ಓದುಗರ ಅಂಕಣದಲ್ಲಿ ವಾರ ಬಿಟ್ಟು ವಾರ ಗುಡುಗುತ್ತಿದ್ದರು. ನಮ್ಮ ಪತ್ರಿಕೆಯ ಟಿ.ವಿ. ಅಂಕಣ ಬೇರೆ ಯಾರೂ ಬರೆಯಲು ಒಪ್ಪದೆ ನನ್ನ ಪಾಲಿಗೆ ಬಂದಿತ್ತು. ಕೆಳಗೆ ನನ್ನ ಹೆಸರಿರುತ್ತಿರಲಿಲ್ಲ, "ನಮ್ಮ ವಿಮರ್ಶಕರಿಂದ" ಎಂದು ಮಾತ್ರ ಹಾಕುತ್ತಿದ್ದರು. ಇದು ಚಟದ ಪ್ರಚಾರವಲ್ಲ, ಸೋಮಾರಿತನದ ಗೇಲಿ, ಇಲ್ಲಿರುವುದು ದೊಡ್ಡ ಅಭಿನಯ ಎಂದು ಸಾಧಿಸಿ ಆ ಹೆಡ್‌ಮಾಸ್ಟರ ಬಾಯಿ ಮುಚ್ಚಿಸಬೇಕೆಂಬ ಹಠ ನನಗೆ ಹತ್ತಿತು. ಹೆಸರಾಂತ ನಟರು ಕುಷ್ಠರೋಗಿಯ ಪಾತ್ರ ಮಾಡಲು ಆಸ್ಪತ್ರೆಯಲ್ಲಿ ವಾಸಿಸಿದರು, ಕೈದಿಯ ಪಾತ್ರಕ್ಕೆ ಜೈಲಿನಲ್ಲಿ ಮಲಗಿದರು ಎಂದೆಲ್ಲ ಸಿನಿಮಾ ಪತ್ರಿಕೆಗಳಲ್ಲಿ ಓದಿದ್ದೆ. ನಮ್ಮೂರ ನಟನಿಗೂ ಅಂಥದೊಂದು ಗೌರವ ಇರಲಿ ಎನ್ನಿಸಿತು. "ಈ ಪಾತ್ರಕ್ಕಾಗಿ ಇವರು ಎಷ್ಟೋ ದಿನ ಭಂಗಿ ಸೇದುವವರ ನಡುವೆ ಕೂತು, ಅವರ ಚಿಲುಮೆಯನ್ನೇ ತಾವೂ ಸೇದಿ, ಆ ಅಮಲಿನ ಒಳಹೊರಗನ್ನು ಕಂಡುಬಂದಿದ್ದಾರೆ" ಎಂದು ಬರೆದೆ. ಬರೆದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಕಂಡಕ್ಟರ್ ಅದನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಓದಿದ. ಜನ ಚಪ್ಪಾಳೆ ಹೊಡೆದರು. ಡ್ರೈವರಣ್ಣ ಬಾನೆಟ್ಟಿನಾಚೆ ನನ್ನ ಕಡೆ ತಿರುಗಿ, "ನಾನ್ಯಾವಾಗ ಸಾ ಸೇದಿದ್ದು?" ಎಂದ.

"ಹೊಗಳಿಕೆ ಕಣಯ್ಯ ಅದು. ದೊಡ್ಡ ದೊಡ್ಡ ನಟರಿಗೆ ಹೀಗೇ ಬರೆಯೋದು."

"ಓ, ಅಂಗಾ!" ಎಂದವನು ಆ ದಿನ ಹಾಸನದವರೆಗೂ ಹಾರ್ನನ್ನು ಹಾಡಿನಂತೆ ಬಾರಿಸಿಕೊಂಡು ಹೋದ.

ಮುಂದಿನ ವಾರ ಆ ಇನ್ನೊಂದು ಪತ್ರಿಕೆ ನನ್ನ ಸಾಲನ್ನೇ ಎತ್ತಿ ದಪ್ಪಕ್ಷರದಲ್ಲಿ ಹಾಕಿತು. "ಗಾಂಜಾ ಸೇದಿರುವುದನ್ನು ಅವರ ಕಡೆಯವರೇ ಒಪ್ಪಿಕೊಂಡಿದ್ದಾರೆ. ಇಂಥವರ ಕೈಯಲ್ಲಿ ನಮ್ಮ ಬಸ್ಸುಗಳು!" ಅಲ್ಲಿಯವರೆಗೂ ಆ ಚಿಲುಮೆಯನ್ನೂ ಅವನು ಓಡಿಸುವ ಬಸ್ಸನ್ನೂ ಯಾರೂ ಸೇರಿಸಿ ಯೋಚಿಸಿರಲಿಲ್ಲ. ಅರಕಲಗೂಡಿನ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದವಳು ಸೀಟಿನಲ್ಲಿ ಅವನನ್ನು ಕಂಡು ಇಳಿದುಬಿಟ್ಟಳು. "ಅವುನ್ ಕಣ್ ನೋಡವ್ವ, ಬೆಳಿಗ್ ಬೆಳಿಗ್ಗೇನೆ ಎಂಗೆ ಕೆಂಪಗವೆ" ಎಂದು ಕೆಳಗಿದ್ದವಳಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ಅವನು ಟವೆಲಿನಿಂದ ಕಣ್ಣು ಒರೆಸಿಕೊಂಡ. ಒರೆಸಿದಷ್ಟೂ ಕಣ್ಣು ಕೆಂಪಾಯಿತು.

ಮಾಲೀಕರು ಕೆಟ್ಟವರೇನಲ್ಲ. ಜನ ಹಿಂದೆ ಬರುವ ಬಸ್ಸಿಗೆ ಕಾಯತೊಡಗಿದಾಗ ಅವನನ್ನು ಕರೆದು ಗಾಡಿಯ ಕೀಲಿ ಇಸಕೊಂಡು, "ನೀನು ಸೇದಿಲ್ಲ ಅಂತ ನಂಗೊತ್ತು ಕಣಪ್ಪ. ಆದ್ರೆ ಪೇಪರ್ನಲ್ಲಿ ಬಂದದಲ್ಲ. ಬಂದದ್ದನ್ನ ಪೇಪರ್ನಲ್ಲೇ ಅಲ್ಲ ಅನ್ಸು, ನಾಳೆನೇ ಗಾಡಿ ಹತ್ತು" ಎಂದರಂತೆ.

ಅವನು ಪ್ರೆಸ್ಸಿಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ. "ಎಲ್ಡು ಸಾಲು ಸಾಕು ಸಾ. ಸೇದಿದ್ದು ಜೋಳದ ಕೂದ್ಲು ಅಂತ ಆಕ್ಬುಡಿ. ನಿಮ್ಗೇ ಗೊತ್ತಲ್ಲ."

"ಈ ವಾರದ ಪುಟ ಆಗಿಹೋಯ್ತಲ್ಲಯ್ಯ. ಬರೋ ವಾರ."

"ಆಗ್ಲಿ ಸಾ."

ಪುಟ ಆಗಿರಲಿಲ್ಲ. ಟಿ.ವಿ. ಅಂಕಣದ ಜಾಗ ನನ್ನ ಎದುರಿಗೇ ಖಾಲಿ ಬಿದ್ದಿತ್ತು. ಸಂಪಾದಕರನ್ನು ಕೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ, ಆದರೆ ಆ ಸಾಲನ್ನು ಕಟ್ಟಿ ಬರೆದದ್ದೇಕೆ ಎಂದು ಕೇಳುತ್ತಿದ್ದರು. ಹೆಡ್‌ಮಾಸ್ಟರು ಗೆದ್ದೆನೆಂದು ಬೀಗುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ನನ್ನ ಆ ಬರಹವನ್ನು ಮೆಚ್ಚಿ ಚನ್ನರಾಯಪಟ್ಟಣದ ಒಂದು ಕಲಾಸಂಘದವರು ಪತ್ರಿಕೆಗೆ ಕಾಗದ ಬರೆದು, ಆ ವಿಮರ್ಶಕರಿಗೆ ಶಾಲು ಹೊದಿಸಲು ಒಪ್ಪಿಗೆ ಕೇಳಿದ್ದರು. ಹುಟ್ಟಿದಾಗಿನಿಂದ ನನಗೆ ಯಾರೂ ಶಾಲು ಹೊದಿಸಿರಲಿಲ್ಲ. ಬರುವ ವಾರ, ಅದರ ಮುಂದಿನ ವಾರ ಎಂದು ತಳ್ಳಿದೆ. ಅವನು ಬರುತ್ತಲೇ ಇದ್ದ. ಒಂದು ದಿನವೂ ದನಿ ಎತ್ತಲಿಲ್ಲ. ಅವನು ಬರುವ ಹೊತ್ತಿಗೆ ನಾನು ಹಿಂದಿನ ಬಾಗಿಲಿನಿಂದ ಟೀ ಕುಡಿಯಲು ಹೋಗುವುದನ್ನು ಕಲಿತೆ. ಕೊನೆಗೆ ಬರುವುದನ್ನು ಅವನೇ ನಿಲ್ಲಿಸಿದ. ಬಸ್ಸಿಗೆ ಬೇರೆ ಡ್ರೈವರ್ ಬಂದ. ನಾನು ಸರ್ಕಾರಿ ಬಸ್ಸು ಹಿಡಿಯತೊಡಗಿದೆ. ಗುರುವಿಲ್ಲದ ಧಾರಾವಾಹಿ ಕೆಲವು ಕಂತು ಕುಂಟಿ ನಿಂತುಹೋಯಿತು. ಅದು ನಿಂತದ್ದಕ್ಕೆ ವಿಷಾದಿಸಿ ನಾನು ಒಂದು ಅಂಕಣ ಬರೆದೆ. ಅದರಲ್ಲೂ ಆ ಎರಡು ಸಾಲು ಬರೆಯಲಿಲ್ಲ.

ವರ್ಷಗಳಾದ ಮೇಲೆ ಅರಕಲಗೂಡಿನ ಹೊರಗೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಒಂದು ಬ್ಯಾರನ್ನಿನ ಮುಂದೆ ಅವನನ್ನು ಕಂಡೆ. ಯಾರದೋ ಟ್ರಾಕ್ಟರ್ ಓಡಿಸಿಕೊಂಡು, ಸೊಪ್ಪು ಬೇಯುವ ದಿನಗಳಲ್ಲಿ ಒಲೆಗೆ ಸೌದೆ ಒಟ್ಟಿಕೊಂಡು ಇದ್ದ. ಕೆಮ್ಮುತ್ತಿದ್ದ. ಈ ಸಲದ್ದು ನಟನೆಯಲ್ಲ. ಆ ಹೊತ್ತಿಗೆ ನಮ್ಮ ಪತ್ರಿಕೆ ಮುಚ್ಚಿತ್ತು. ನಾನು ಅವನ ಮುಂದೆ ನಿಂತು, "ತಪ್ಪಾಯ್ತು ಕಣಯ್ಯ, ಸುಳ್ಳು ಬರೆದು ನಿನ್ನ ಹೊಟ್ಟೆ ಮೇಲೆ ಹೊಡೆದೆ" ಎಂದೆ.

ಅವನು ಕೂರಲು ಒಂದು ಮರದ ದಿಮ್ಮಿ ತಳ್ಳಿದ. "ಸುಳ್ಳೇನಿಲ್ಲ ಬುಡಿ ಸಾ. ಆಮ್ಯಾಕೆ ನಾನೂ ಒಂದ್ಸತಿ ಸೇದ್ದೆ."

"ಏನು?"

"ಎಂಗಿದ್ರೂ ಎಸ್ರು ಕೆಟ್ಟೋಯ್ತಲ್ಲ, ನೋಡೇ ಬುಡಾನ ಅಂತ. ದೊಡ್ಡೋರು ಬರ್ದಿದ್ದು ಸುಳ್ಳಾಗ್ಬಾರ್ದಲ್ಲ. ಏನಿಲ್ಲ ಸಾ, ನಿದ್ದೆ ಬಂತು. ನಮ್ ಜೋಳದ ಕೂದ್ಲೇ ವಾಸಿ." ಹೇಳಿ ನಕ್ಕ. ಆಮೇಲೆ, "ನೀವು ಊಟ ಮಾಡಿದ್ರಾ?" ಎಂದು ಕೇಳಿದ.

ಅವನು ನಿಜವಾಗಿ ಸೇದಿದ್ದನೋ, ಅಥವಾ ಎದುರಿಗೆ ಕೂತು ಅಳುವಂತಿದ್ದ ಮುದುಕನ ಭಾರ ಇಳಿಸಲು ಆಡಿದನೋ, ನನಗೆ ಈಗಲೂ ತಿಳಿದಿಲ್ಲ. ಅಷ್ಟು ವರ್ಷ ಅಭಿನಯದ ಬೆಲೆ ಕಟ್ಟಿದವನು ನಾನು.

ಎರಡು ಮಳೆಗಾಲ ಕಳೆದು ಅವನು ತೀರಿಕೊಂಡ ಸುದ್ದಿ ಬಂತು. ಹೋದೆ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರ ನಡುವೆ ಒಬ್ಬ, "ಭಂಗಿಸೊಪ್ ಸೇದಿ ಸೇದಿ ಎದೆ ತೂತಾಗಿತ್ತಂತೆ" ಎಂದ. ಒಳಗೆ ಅವನ ಹೆಂಡತಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಹೇಳಿದ. ಇಷ್ಟು ವರ್ಷ ಬಾರದ ಮಾತು ನನಗೆ ಆಗ ಬಂತು.

"ಇಲ್ಲಪ್ಪ. ಅವನು ಸೇದುತ್ತಿರಲಿಲ್ಲ. ಬ್ಯಾರನ್ನಿನ ಹೊಗೆ ಕುಡಿದು ಹೀಗಾದ. ಟಿ.ವಿ.ಯಲ್ಲಿ ಸೇದಿದ್ದು ಜೋಳದ ಕೂದಲು, ನಾನೇ ಕಣ್ಣಾರೆ ಕಂಡಿದ್ದೇನೆ."

"ಅದೆಂಗಾಯ್ತದೆ ಸಾ? ಪೇಪರ್ನಲ್ಲಿ ಬಂದಿತ್ತು. ನಾನೇ ಓದಿವ್ನಿ."

"ಅದನ್ನು ಬರೆದವನು ನಾನು. ಸುಳ್ಳು ಬರೆದೆ."

ಅವನು ಬಿದಿರಿಗೆ ಹಗ್ಗ ಸುತ್ತುವುದನ್ನು ನಿಲ್ಲಿಸಿ, ನನ್ನ ಮಾಸಿದ ಪಂಚೆಯಿಂದ ಬೋಳುತಲೆಯವರೆಗೂ ಒಮ್ಮೆ ನೋಡಿದ. ದುಃಖದಲ್ಲಿರುವ ಮುದುಕನೊಂದಿಗೆ ಮಾತಾಡುವಂತೆ ಮೆತ್ತಗೆ ಹೇಳಿದ:

"ಬುಡಿ ಸಾ. ಅದುನ್ನ ಬರ್ದೋರು ಯಾರೋ ಬಾಳ ಓದ್ದೋರು. ಇಂಗ್ ಬನ್ನಿ, ಈ ತುದಿ ಒಸಿ ಇಡ್ಕಳಿ."

ನಾನು ಆ ಹಗ್ಗದ ತುದಿ ಹಿಡಿದುಕೊಂಡೆ.