ನನ್ನ ಪರದೆಗೆ ಬಂದ ಅಂಕಿ

ಮೊನ್ನೆ ಯಾರೋ ಬಾಳೆಲೆಯ ಚೂರಿನಲ್ಲಿ ಗಂಧಪ್ರಸಾದ ತಂದು ನನ್ನ ಮೇಜಿನ ಮೇಲಿಟ್ಟರು. ಆ ಹಸಿ ವಾಸನೆಗೆ ಪುತ್ತೂರಿನ ಸಣ್ಣ ಕಚೇರಿಯೊಂದು ನೆನಪಾಯಿತು. ಅಲ್ಲಿದ್ದ ಅಕ್ಕನೂ...

ದಸ್ತಾವೇಜು ಬರೆಯುವವರ ಕಚೇರಿ ಅದು. ಎಂ.ಎ. ಮುಗಿಸಿ ನಾನು ಟೈಪಿಂಗಿಗೆ ಸೇರಿದ್ದೆ. ನೆಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ಅಕ್ಕ ಅಲ್ಲಿಯ ಹಳಬರು. ಧಣಿ ಅವರಿಗೊಂದು ವೈರ್‌ಲೆಸ್ ಕೀಬೋರ್ಡ್ ತಂದುಕೊಟ್ಟಿದ್ದರು. ಮೂಲೆಯ ಗುಂಡಿ ಒತ್ತಿದರೆ ಕೀಬೋರ್ಡ್ ಪಕ್ಕದ ನನ್ನ ಕಂಪ್ಯೂಟರಿಗೆ ದಾಟಿ, ಅವರು ಹೊಡೆದದ್ದು ನನ್ನ ಪರದೆಯಲ್ಲಿ ಮೂಡುತ್ತಿತ್ತು. ನನ್ನ ತಪ್ಪುಗಳನ್ನು ಅಕ್ಕ ಕೂತಲ್ಲಿಂದಲೇ ತಿದ್ದಲಿ ಎಂದು. ನನಗದು ಹಿಡಿಸಿರಲಿಲ್ಲ.

ನವರಾತ್ರಿ ಕಳೆದ ಮೇಲೆ ನಾನು ಹೊಡೆಯದ ಅಕ್ಷರಗಳು ನನ್ನ ಪರದೆಯಲ್ಲಿ ಕಾಣತೊಡಗಿದವು. ಸೆಲ್ ಬದಲಿಸಿದೆ, ಮೌಸ್ ದೂರವಿಟ್ಟೆ, ರಿಸೀವರ್ ಕಿತ್ತು ಮತ್ತೆ ಸಿಕ್ಕಿಸಿದೆ. ಆಮೇಲೆ ಅಕ್ಕನನ್ನೇ ಗಮನಿಸತೊಡಗಿದೆ. ಅವರು ಕೈಬರಹದ ಕರಡಿನಿಂದ ಕಣ್ಣು ತೆಗೆಯದೆ ಟೈಪ್ ಮಾಡುತ್ತಿದ್ದರು. ಆಗಾಗ ತಲೆಯೆತ್ತಿ, "ನಾನು ಹೊಡೆದದ್ದು ಎಲ್ಲಿಗೆ ಹೋಗ್ತದೆ ಮಾರಾಯ?" ಎನ್ನುತ್ತಿದ್ದರು. ನಾಟಕ ಎಂದುಕೊಂಡೆ.

ಒಂದು ದಿನ ನಾನು ಚಹಾ ಕುಡಿದು ಬರುವಷ್ಟರಲ್ಲಿ ನನ್ನ ಪರದೆಯಲ್ಲಿದ್ದ, ಅಣ್ಣತಮ್ಮಂದಿರ ಪಾಲುಪಟ್ಟಿಯೊಂದರ ಸರ್ವೆ ನಂಬರಿಗೆ ಇನ್ನೊಂದು ಅಂಕಿ ಸೇರಿತ್ತು. ಸಹಿ ಹಾಕುವಾಗ ಆ ತಮ್ಮ ತಪ್ಪು ಹಿಡಿದ. ಅಣ್ಣನ ಹೆಂಡತಿ ಅಕ್ಕನಿಗೆ ಪರಿಚಯ ಎಂದು ಧಣಿಯ ಕಿವಿಗೆ ಹಾಕಿದವನು ನಾನು.

"ನಾನು ಇವನ ಕಂಪ್ಯೂಟರ್ ಮುಟ್ಟಲಿಲ್ಲ. ಈ ಕೀಬೋರ್ಡಿನಲ್ಲೇ ಎಂತದೋ ಉಂಟು," ಎಂದರು ಅಕ್ಕ.

"ಹಾಗಾದ್ರೆ ಅದರೊಳಗಿನ ಭೂತಕ್ಕೊಂದು ಕೋಲ ಕೊಡಿಸುವನಾ?" ಎಂದರು ಧಣಿ. ನಾನು ನಕ್ಕೆ. ನಕ್ಕದ್ದು ಮಾತ್ರ ಖಂಡಿತ ನೆನಪಿದೆ. ಅಕ್ಕ ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ನಾಳೆಯಿಂದ ಬರುವುದು ಬೇಡ ಎಂದಾಗಿತ್ತು.

ವಾರದ ನಂತರ ಆ ಕೀಬೋರ್ಡ್ ನನ್ನದಾಯಿತು. ಒರೆಸುವಾಗ ನೋಡಿದರೆ ಮೂಲೆಯ ಗುಂಡಿಯ ಸುತ್ತ ಗಂಧ ಒಣಗಿ ಗಟ್ಟಿಯಾಗಿತ್ತು. ಗುಂಡಿ ಪೂರ್ತಿ ಮೇಲೇಳುತ್ತಿರಲಿಲ್ಲ. ಮೇಜು ಅಲುಗಿದರೂ ಕೀಬೋರ್ಡ್ ಪಕ್ಕದ ಕಂಪ್ಯೂಟರಿಗೆ ದಾಟುತ್ತಿತ್ತು. ಆಯುಧ ಪೂಜೆಯ ದಿನ ಅಲ್ಲಿ ಗಂಧ ಹಚ್ಚಿದ್ದು ನಾನೇ ಇರಬೇಕು... ನೆನಪಿನಲ್ಲಿ ಒಮ್ಮೆ ನನ್ನ ಬೆರಳು ಕಾಣುತ್ತದೆ, ಒಮ್ಮೆ ಧಣಿಯದು.

ಧಣಿಗೆ ಹೇಳಿದೆ. "ಈಗ ಕರೆದರೆ ತಪ್ಪು ನಮ್ಮದೂಂತ ಆಗ್ತದೆ. ಬಿಡು," ಎಂದರು. ಬಿಟ್ಟೆ.

ಕಳೆದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಪುರುಸೊತ್ತಿಲ್ಲದೆ ಹೋಗಲಾಗಲಿಲ್ಲ ಎಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ. ಅಕ್ಷರ ನನ್ನದೇ. ಆ ಸಾಲನ್ನು ಮಾತ್ರ ನಾನು ನಂಬುವುದಿಲ್ಲ.