ಒಂದು ಕಾರ್ಡಿನ ಸಂದು

ನಮ್ಮ ಮನೆ ವಾಡಿಯಲ್ಲಿ ಚಿತ್ತಾಪುರದ ರಸ್ತೆಗೆ ಮುಖ ಮಾಡಿತ್ತು. ಬೆನ್ನಿಗೆ ರೈಲು ಹಳಿ. ದಿನವಿಡೀ ಇಂಜಿನ್ನುಗಳ ಕೂಗು, ಗೂಡ್ಸ್ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು. ಆ ಗದ್ದಲದ ನಡುವೆಯೂ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಒಂದು ಸಪ್ಪಳ ಬೇರೆಯಾಗಿ ಕೇಳುತ್ತಿತ್ತು. ಅದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಸಾವಕಾರರ ಜೀಪಿನದು. ಬಳೆಗಾರ ಗಾಜಿನ ಬಳೆಯನ್ನು ಉಗುರಿನಿಂದ ಬಡಿದು ತೋರಿಸುತ್ತಾನಲ್ಲ, ಹಾಗೆ ಇಂಜಿನ್ನಿನೊಳಗೆ ಟಕ್ ಟಕ್ ಟಕ್ ಎನ್ನುತ್ತಿತ್ತು.

ಜೀಪು ದಿಬ್ಬ ಹತ್ತುವಷ್ಟರಲ್ಲಿ ವೈನಿ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು, ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ ಹೊಸ್ತಿಲ ಹೊರಗಿಡುತ್ತಿದ್ದಳು. ಹೊರಗಿನಿಂದ ಬಂದವರ ಕಾಲಿಗೆ ನೀರು ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಜೀಪು ಓಡಿಸಿಕೊಂಡು ಬರುತ್ತಿದ್ದವನು ನಾನು, ಮತ್ತು ಆ ನೀರು ನನಗಲ್ಲ. ನಾನು ನೀರಿನ ಹೌದಿನ ಹತ್ತಿರ ಹೋಗಿ ಕಾಲು ತೊಳೆದು ಒಳಗೆ ಹೋಗುತ್ತಿದ್ದೆ. ತಂಬಿಗೆ ಸಂಜೆಯವರೆಗೂ ಹೊಸ್ತಿಲಲ್ಲಿ ನಿಂತಿರುತ್ತಿತ್ತು. ಆಮೇಲೆ ಆಕೆ ಅದನ್ನು ಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಹೀಗೆ ಐದು ವರ್ಷ.

ಜೀಪು ಮೊದಲು ನಡೆಸುತ್ತಿದ್ದವನು ಅಣ್ಣ. ಸಂಸ್ಥಾನವನ್ನು ಒಕ್ಕೂಟಕ್ಕೆ ಸೇರಿಸಲು ಫೌಜು ಬಂದ ವರ್ಷ, ಊರೂರಲ್ಲಿ ಜನ ಬಾಗಿಲು ಹಾಕಿಕೊಂಡು ಕೂತ ದಿನಗಳಲ್ಲಿ, ಸಾವಕಾರರ ಬೀಗರನ್ನು ಸೇಡಂ ಆಚೆಯ ಒಂದು ಹಳ್ಳಿಗೆ ಬಿಟ್ಟು ಬರಲು ಹೋದ. ಬೀಗರು ಊರು ಮುಟ್ಟಿದರು. ಅಣ್ಣ ತಿರುಗಿ ಬರಲಿಲ್ಲ. ಎಂಟು ದಿನದ ಮೇಲೆ ಕುರಕುಂಟಾದ ಹತ್ತಿರ ರಸ್ತೆಯ ಬದಿಗೆ ಜೀಪು ಸಿಕ್ಕಿತು. ಗೀಚಿದ ಗುರುತಿಲ್ಲ, ಟ್ಯಾಂಕಿನಲ್ಲಿ ಪೆಟ್ರೋಲು ಇತ್ತು. ಬರಿಗಾಲಲ್ಲಿ ಗಾಡಿ ನಡೆಸುವುದು ಅವನ ರೂಢಿ. ಬಿಚ್ಚಿಟ್ಟ ಚಪ್ಪಲಿ ಸೀಟಿನ ಕೆಳಗೇ ಇದ್ದವು. ಚಪ್ಪಲಿ ಮನೆಗೆ ಬಂದಾಗ ವೈನಿ ಅಳಲಿಲ್ಲ. "ಬರಿಗಾಲಿಲೆ ಹೋಗ್ಯಾರಲ್ಲೋ ತಮ್ಮಾ, ಈ ಕಲ್ಲಿನ ನೆಲದಾಗ" ಎಂದಳು, ಅಷ್ಟೇ. ಆವತ್ತಿನಿಂದ ತಂಬಿಗೆ ಶುರುವಾಯಿತು.

ಸಾವಕಾರರು ಜೀಪನ್ನೂ ಅಣ್ಣನ ಕೆಲಸವನ್ನೂ ನನಗೇ ಕೊಟ್ಟರು. ಐದನೆಯ ವರ್ಷ ಅವರನ್ನು ಚಿಂಚೋಳಿಗೆ ಕರೆದೊಯ್ಯುವಾಗ ಗುಡ್ಡದ ಏರಿನಲ್ಲಿ ಜೀಪು ಕೈಕೊಟ್ಟಿತು. ದಮ್ಮಿನ ರೋಗಿಯಂತೆ ಕೆಮ್ಮಿ, ನೀಲಿ ಹೊಗೆ ಬಿಟ್ಟು ನಿಂತಿತು. ಸಾವಕಾರರು ಧೋತರ ಎತ್ತಿ ಕಟ್ಟಿ ತಾವೂ ಹಿಂದೆ ನಿಂತು ನೂಕಿದರು.

"ಏನ್ಪಾ, ಜೀಪಿನ್ಯಾಗ ನಾ ಕುಂದ್ರಬೇಕೋ, ನನ್ನ ಮ್ಯಾಲೆ ಜೀಪು ಕುಂದ್ರಬೇಕೋ?"

"ಮ್ಯಾಲಿನ ಭಾಗ ಸವದದ್ರಿ. ಹೆಡ್ಡು ಬಿಚ್ಚಿ ವಾಲ್ವು ಕೂಡಿಸಬೇಕ್ರಿ."

"ಬಿಚ್ಚು ಮತ್ತ! ಇಲ್ಲಾಂದ್ರ ಹಾಳು ಬಾವಿಗೆ ನೂಕು. ನೂಕೂದರ ಹ್ಯಾಂಗಂತ ಈಗ ಕಲ್ತೀನಿ."

ನಮ್ಮ ಅಂಗಳದಲ್ಲೇ ಬಿಚ್ಚುವುದೆಂದಾಯಿತು. ಅಪ್ಪ ಹಿಂದೆ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು, ಮಾತು ಕಡಿಮೆ. ಬೇವಿನ ಕೆಳಗೆ ಜೀಪು ನಿಲ್ಲಿಸಿದ್ದನ್ನು ನೋಡಿ, ವೈನಿ ನೀರಿಗೆ ಹೋಗಿದ್ದಾಗ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಆ ಟಕ್ ಟಕ್ ಅಂತದಲ್ಲ, ಅದು ಹೋಗ್ತದನು?"

"ಎಲ್ಲಾ ಸರಿ ಮಾಡಿದ್ರ ಹೋಗ್ತದ."

"ಹೋಗೂ ಹಂಗ ಮಾಡು. ತೆಂಗಳಿಯವರು ಮತ್ತೊಮ್ಮಿ ಕೇಳಿ ಕಳಸ್ಯಾರ. ಆಕಿಗಿನ್ನೂ ಇಪ್ಪತ್ತಾರು. ಆ ಸಪ್ಪಳ ಇರೂತನ ಆಕಿ ಒಪ್ಪಂಗಿಲ್ಲ."

ಗಂಡನಿಲ್ಲದವಳಿಗೆ ಇನ್ನೊಂದು ಮನೆ ಮಾಡಿಕೊಡುವ ಉಡಿಕೆ ಪದ್ಧತಿ ನಮ್ಮವರಲ್ಲಿ ಉಂಟು. ತೆಂಗಳಿಯವನು ಒಕ್ಕಲುತನ ಮಾಡಿಕೊಂಡಿದ್ದ ಒಳ್ಳೆಯ ಮನುಷ್ಯ, ಹೆಂಡತಿ ತೀರಿದ್ದಳು. ಆದರೆ ಗಂಡ ಇಲ್ಲವೆಂದು ಯಾರು ಹೇಳಬೇಕು? ವೈನಿಯ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಐದು ವರ್ಷ ಅಪ್ಪ ಆಕೆಯ ಎದುರು ಈ ಮಾತು ಆಡಲಿಲ್ಲ. ಈಗ ನಟ್ಟು ತಿರುವುವ ಒಂದು ಪಾನಾದ ತುದಿಯಲ್ಲಿ ಮಾತಾಡಲು ನನಗೆ ಹೇಳಿದ.

ಇಂಜಿನ್ನಿನ ಮೇಲುಮುಚ್ಚಳವಾದ ಹೆಡ್ಡು ಎತ್ತಿದಾಗ ಒಳಗೆಲ್ಲ ಮಸಿ. ಸಾರಿಸದ ಒಲೆಯಂತೆ ಪಿಸ್ಟನ್ನುಗಳ ನೆತ್ತಿಯ ಮೇಲೆ ಗಟ್ಟಿ ಕಟ್ಟಿತ್ತು. ಎಂಟು ವಾಲ್ವುಗಳಲ್ಲಿ ಮೂರರ ಅಂಚು ಸುಟ್ಟು ಹೋಗಿತ್ತು. ಆಮೇಲೆ ಬದಿಯ ಮುಚ್ಚಳ ತೆಗೆದೆ. ಅಲ್ಲಿ ವಾಲ್ವುಗಳನ್ನು ಕೆಳಗಿನಿಂದ ಎತ್ತುವ ಟ್ಯಾಪೆಟ್ಟುಗಳು ಸಾಲಾಗಿ ನಿಂತಿರುತ್ತವೆ. ಟ್ಯಾಪೆಟ್ಟಿನ ತಲೆಗೂ ವಾಲ್ವಿನ ಕಾಲಿಗೂ ನಡುವೆ ಒಂದು ಕೂದಲೆಳೆಯ ಸಂದು ಬೇಕು. ನನಗೆ ಕೆಲಸ ಕಲಿಸಿದ ಶಹಾಬಾದಿನ ಉಸ್ತಾದರ ಲೆಕ್ಕದಲ್ಲಿ ಅದು ಒಂದು ಪೋಸ್ಟ್ ಕಾರ್ಡು. ಕಾರ್ಡಿನ ಪಟ್ಟಿ ಕತ್ತರಿಸಿ ತೂರಿಸಿದರೆ ಬಿಗಿಯಾಗಿ ಜಾರಬೇಕು. ಏಳು ಸಂದುಗಳು ಹೆಚ್ಚು ಕಡಿಮೆ ಹಾಗೇ ಇದ್ದವು. ಕೊನೆಯದರಲ್ಲಿ, ಓಡಿಸುವವನಿಗೆ ತೀರ ಹತ್ತಿರದ್ದರಲ್ಲಿ, ಮೂರು ಕಾರ್ಡು ಒಟ್ಟಿಗೆ ಹೋದವು. ಟಕ್ ಎನ್ನುತ್ತಿದ್ದುದು ಅದೇ.

ಸವೆದಿದೆ ಎಂದುಕೊಂಡೆ. ಚಿಂದಿಯಿಂದ ಒರೆಸಿದಾಗ ಟ್ಯಾಪೆಟ್ಟಿನ ಮೇಲೂ ಅದರ ತಿರುಪಿನ ಮೇಲೂ ಅರದಿಂದ ಎಳೆದ ಒಂದು ಗೆರೆ ಕಂಡಿತು. ಎರಡೂ ಗೆರೆ ಒಂದಕ್ಕೊಂದು ನೇರ ಕೂತಿದ್ದವು. ಉಳಿದ ಏಳಕ್ಕೆ ಗೆರೆ ಇರಲಿಲ್ಲ.

ಬಿಸಿಗೆ ಹೆಡ್ಡು ಸೊಟ್ಟಗಾಗಿತ್ತು. ಗೋಣಿಯಲ್ಲಿ ಸುತ್ತಿ ಶಹಾಬಾದಿಗೆ ರೈಲು ಹತ್ತಿದೆ. ಎದುರು ಕೂತ ಮುದುಕಿ ಬಹಳ ಹೊತ್ತು ನನ್ನ ತೊಡೆಯ ಮೇಲಿನ ಗಂಟನ್ನೇ ನೋಡಿದಳು.

"ಕೂಸು ಭಾಳ ಶಾಂತ ಅದ ನೋಡು. ಅಳೂದೇ ಇಲ್ಲಲ್ಲ."

"ಕಬ್ಬಿಣದ್ದದ ಆಯಿ."

"ಅದಕ್ಕೇ ತಾಯಿ ನಿನ್ನ ಕೈಯಾಗ ಕೊಟ್ಟು ಕಳಸ್ಯಾಳ" ಎಂದಳು. ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಗೋಣಿಯೊಳಗಿನ ಭಾರ ತೊಡೆಯ ಮೇಲೆ ತಣ್ಣಗೆ ಕೂತಿತ್ತು.

ಉಸ್ತಾದರ ಷೆಡ್ಡಿನಲ್ಲಿ ಪಾಲಿಷ್ ಮಾಡಿದ ಒಂದು ದೊಡ್ಡ ಫರಸಿ ಇತ್ತು. ನೀರು ಹಾಕಿದರೆ ಯಾವ ಕಡೆಗೂ ಹರಿಯದೆ ನಿಲ್ಲುವಷ್ಟು ಸಮ. ಬೇರೆ ಊರಿನ ಮಿಸ್ತ್ರಿಗಳು ಹೆಡ್ಡನ್ನು ದೊಡ್ಡ ಶಹರಕ್ಕೆ ಕಳಿಸುತ್ತಿದ್ದರು. ಶಹಾಬಾದಿನವರಿಗೆ ನೆಲವೇ ಮಷೀನು. ಎಣ್ಣೆಯಲ್ಲಿ ಕಲಸಿದ ಕಾಡಿಗೆ ಕಲ್ಲಿಗೆ ಹಚ್ಚಿ ಹೆಡ್ಡನ್ನು ಬೋರಲು ಇಟ್ಟು ಎಳೆಯಬೇಕು. ಕಪ್ಪು ಎಲ್ಲಿ ತಾಗಿತೋ ಅದು ಉಬ್ಬು, ಎಲ್ಲಿ ತಾಗಲಿಲ್ಲವೋ ಅದು ತಗ್ಗು. ಆಮೇಲೆ ಉಜ್ಜುವ ಮಸಾಲೆ ಹಚ್ಚಿ, ಎಲ್ಲ ಕಡೆ ಕಪ್ಪು ತಾಗುವ ತನಕ ತಿಕ್ಕಬೇಕು. ಎರಡು ದಿನ ತಿಕ್ಕಿದೆವು, ಆ ಕಡೆ ಅವರು, ಈ ಕಡೆ ನಾನು, ಬೀಸುವ ಕಲ್ಲಿನ ಮುಂದೆ ಕೂತ ಇಬ್ಬರು ಹೆಣ್ಣುಮಕ್ಕಳಂತೆ. ಅಣ್ಣನಿಗೂ ಕೆಲಸ ಕಲಿಸಿದವರು ಅವರೇ. ಗೆರೆಯ ಮಾತು ಎತ್ತಿದಾಗ ಅವರ ಕೈ ನಿಂತಿತು.

"ಅದು ಸವದದ್ದಲ್ಲ ಬೇಟಾ, ಇಟ್ಟದ್ದು. ನಾ ಎಷ್ಟು ಸಲ ಸರಿ ಮಾಡಿ ಕೊಟ್ಟೀನಿ! ರಸ್ತಾದಾಗ ನಿಂತು ಮತ್ತ ಸಡಲ ಮಾಡ್ಕೊತಿದ್ದ. ಪ್ರತೀ ಸಲ ಅದೇ ಜಾಗಕ್ಕ ಬರಲೆಂತ ಗೆರಿ ಎಳದಾನ."

"ಯಾಕ?"

"ನಾನೂ ಬೈದು ಕೇಳಿದೆ. 'ನಾ ಬರೂದು ಮನ್ಯಾಗ ಒಬ್ಬಾಕಿಗೆ ಗೊತ್ತಾಗಬೇಕಲಾ ಉಸ್ತಾದ್, ಅಷ್ಟರಾಗ ಕಾಲಿಗೆ ನೀರು ತಂದಿರ್ತಾಳ' ಅಂದ. ದಿವಾನಾ!" ಎಂದು ನಗಲು ಹೋಗಿ, ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು.

ವಾಡಿಗೆ ಮರಳಿ ಮೂರು ದಿನ ವಾಲ್ವುಗಳನ್ನು ಅವುಗಳ ಕುಳಿಗೆ ಸಂದಿಲ್ಲದಂತೆ ಕೂಡಿಸಿದೆ. ಮಸಾಲೆ ಹಚ್ಚಿ, ವಾಲ್ವಿಗೆ ಕಚ್ಚಿಸಿದ ಕೋಲನ್ನು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ತಿರುಗಿಸುವುದು, ಎತ್ತಿ ನೋಡುವುದು, ಮತ್ತೆ ತಿರುಗಿಸುವುದು. ಆ ಮೂರು ದಿನವೂ ವೈನಿ ಒಲೆಯ ಮುಂದೆ ನನಗೆ ಬೆನ್ನು ಹಾಕಿ ಕೂತಿದ್ದಳು. ಕೊನೆಗೆ ಉಳಿದದ್ದು ಟ್ಯಾಪೆಟ್ಟು. ಏಳಕ್ಕೆ ಒಂದೊಂದು ಕಾರ್ಡಿನ ಸಂದು ಇಟ್ಟೆ. ಎಂಟನೆಯದಕ್ಕೆ ಪಾನಾ ಹಚ್ಚಿದೆ, ತಿರುವದೆ ತೆಗೆದು ಕೆಳಗಿಟ್ಟೆ. ಅಪ್ಪ ಹೇಳಿದ್ದು ಒಳ್ಳೆಯದಕ್ಕೇ. ಆದರೆ ಆಕೆಗೆ ಹೇಳದೆ ಆಕೆಯ ಕಿವಿಯಿಂದ ಅಣ್ಣನನ್ನು ಕಿತ್ತುಕೊಳ್ಳುವುದು ಕಳುವು ಎನಿಸಿತು. ಕರೆದೆ. ಸಂದು, ಗೆರೆ ಎರಡೂ ತೋರಿಸಿದೆ. ಉಸ್ತಾದರು ಹೇಳಿದ್ದನ್ನು ಹಾಗೆಯೇ ಹೇಳಿದೆ.

ವೈನಿ ಜೀಪಿನ ಬದಿಗೆ ಬಗ್ಗಿ, ಹಿಟ್ಟು ಹತ್ತಿದ ಬೆರಳಿನಿಂದ ಆ ಗೆರೆ ಮುಟ್ಟಿದಳು.

"ನಾ ಇಂಜಿನ್ ಕೆಟ್ಟದ ಅಂತ ತಿಳಕೊಂಡಿದ್ದೆ. ಅಂದ್ರ ನನ್ನ ಕರೀತಿದ್ರು."

"ಹೂಂ ವೈನಿ."

ಮನೆಯ ಹಿಂದೆ ಒಂದು ಗೂಡ್ಸು ಪೂರ್ತಿ ದಾಟಿ ಹೋಯಿತು.

"ಹಂಗಾರ ಈ ಐದು ವರ್ಷ ಕರದಾವ ನೀನು. ನೀ ಕರದಿ, ನಾ ಅವರಂತ ನೀರು ತಂದೆ."

ಆಕೆ ಬೈಯುತ್ತಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ನೋಡುವವರ ದನಿ ಅದು.

"ಇದು ಹಿಂಗೇ ಬಿಟ್ರ ಏನಾಗ್ತದ?"

"ಬಡದು ಬಡದು ಆ ವಾಲ್ವು ಒಡೀತದ. ಇವತ್ತಲ್ಲ, ಎಂದರ ಒಂದಿನ."

"ಆ ಸಂದು ಮುಚ್ಚು" ಎಂದಳು. ಆಮೇಲೆ, "ತಡಿ. ಅದೇನು ಹಿಡೀಬೇಕು ಕೊಡು ನನ್ನ ಕೈಯಾಗ."

ಒಂದು ಪಾನಾ ಆಕೆ ಹಿಡಿದಳು, ತಿರುಪನ್ನು ನಾನು ಎತ್ತಿದೆ. ಗೆರೆಗಳು ಒಂದನ್ನೊಂದು ಬಿಟ್ಟು ಸರಿದವು. ಕಾರ್ಡಿನ ಪಟ್ಟಿಯನ್ನು ಆಕೆಯೇ ತೂರಿಸಿ ನೋಡಿದಳು. ಬಿಗಿಯಾಗಿ ಜಾರಿತು. ಹ್ಯಾಂಡಲು ತಿರುವಿದಾಗ ಇಂಜಿನ್ನು ತುಪ್ಪದಲ್ಲಿ ಅದ್ದಿದಂತೆ ಮೆತ್ತಗೆ ಎದ್ದಿತು. ಅಷ್ಟು ಚಂದದ ಕೆಲಸ ಆಮೇಲೆ ನನ್ನ ಕೈಯಿಂದ ಆಗಿಲ್ಲ. ವೈನಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಕೈ ತೊಳೆದುಕೊಂಡು ಒಳಗೆ ಹೋದಳು.

ಮರುದಿನ ನಾನು ಜೀಪಿನಲ್ಲಿ ಶಹಾಬಾದಿನಿಂದ ಬಂದು ಅಂಗಳದಲ್ಲಿ ನಿಂತರೂ ಆಕೆಗೆ ತಿಳಿಯಲಿಲ್ಲ. ಹೊಸ್ತಿಲ ಹೊರಗೆ ಏನೂ ಇರಲಿಲ್ಲ. ಜೋಳದ ಮೊರ ಹಿಡಿದು ಬಂದವಳು ನನ್ನನ್ನು ಕಂಡು ಬೆಚ್ಚಿ, "ಯವ್ವಾ! ಯಾವಾಗ ಬಂದ್ಯೋ, ಕಳ್ಳನಂಗ?" ಎಂದಳು. ಆ ವರ್ಷವೇ ತೆಂಗಳಿಗೆ ಹೋದಳು. ಹೋಗುವಾಗ ಅಣ್ಣನ ಚಪ್ಪಲಿಗೆ ಎಣ್ಣೆ ಹಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ತೆಂಗಳಿಯಲ್ಲಿ ಚೆನ್ನಾಗಿಯೇ ಬಾಳಿದಳು. ಹಬ್ಬಕ್ಕೆ ಹೋದರೆ ನನಗೆ ಊಟ ಹಾಕದೆ ಕಳಿಸುತ್ತಿರಲಿಲ್ಲ.

ಸಪ್ಪಳ ಹೋಯಿತೆಂದು ಅಪ್ಪ ನೆಮ್ಮದಿಯಾದ. ಆದರೆ ಅದೇ ಮಳೆಗಾಲ, ಅಂದು ಜೀಪು ಸಿಕ್ಕಿದ್ದ ಕುರಕುಂಟಾ ದಾಟುವಾಗ, ಆ ಮೆತ್ತನೆಯ ಇಂಜಿನ್ನಿನಲ್ಲಿ ನನಗೆ ಟಕ್ ಟಕ್ ಕೇಳಿತು. ಇಳಿದು ಬಿಸಿ ಮುಚ್ಚಳ ತೆಗೆದು, ಬೆರಳು ಸುಟ್ಟುಕೊಂಡು ನೋಡಿದೆ. ಸಂದು ಸರಿಯಿತ್ತು. ಮತ್ತೊಮ್ಮೆ ಕೇಳಿತು, ಮತ್ತೊಮ್ಮೆ ಬಿಚ್ಚಿದೆ. ಉಸ್ತಾದರು ಜೀಪಿನ ಮೇಲೆ ಕಿವಿಯಿಟ್ಟು ಆಲಿಸಿ, "ಇದರಾಗ ಏನಿಲ್ಲ ಬೇಟಾ. ಇನ್ನು ಮ್ಯಾಲೆ ಬಿಚ್ಚಬ್ಯಾಡ" ಎಂದು ಪಾನಾ ಕಸಿದುಕೊಂಡರು.

ಬಿಚ್ಚಲಿಲ್ಲ. ಆ ಜೀಪು ನನ್ನ ಕೈಯಲ್ಲಿದ್ದಷ್ಟು ವರ್ಷವೂ, ಮನೆಗೆ ಬಂದು ಇಂಜಿನ್ನು ಬಂದ್ ಮಾಡಿದ ಮೇಲೆ ನಾನು ತಕ್ಷಣ ಕಾಲು ತೊಳೆಯುತ್ತಿರಲಿಲ್ಲ. ತಂಬಿಗೆ ತುಂಬಿ ಹೊಸ್ತಿಲ ಹೊರಗಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದೆ. ಬೇವಿನ ಕೆಳಗೆ ಕಬ್ಬಿಣ ತಣ್ಣಗಾಗುತ್ತ ಟಕ್ ಎನ್ನುವುದು, ಬಿಟ್ಟು ಬಿಟ್ಟು ಮತ್ತೆ ಟಕ್ ಎನ್ನುವುದು. ಅದು ಪೂರ್ತಿ ನಿಂತ ಮೇಲೆ ಎದ್ದು ಹೋಗಿ ನೀರನ್ನು ಬೇವಿನ ಬುಡಕ್ಕೆ ಹಾಕುತ್ತಿದ್ದೆ.